ಶಿಕ್ಷೆ ಮತ್ತು ನಾನು ಬರೆದ ಒಂದು ಅರ್ಜಿ

ಕೆಲವು ತಿಂಗಳ ಹಿಂದೆ ಅರಕೇರಾದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮಗಳ ಮದುವೆಗೆ ಹೋಗಿದ್ದೆ. ಅಕ್ಷತೆ ಬಿದ್ದು ಊಟ ಮುಗಿದ ಮೇಲೆ ಚಪ್ಪರದ ಒಂದು ಮೂಲೆಯಲ್ಲಿ ನಾಲ್ಕಾರು ಕುರ್ಚಿಗಳನ್ನು ಎಳೆದುಕೊಂಡು ನನ್ನ ಶಿಷ್ಯರು ಹರಟೆಗೆ ಕುಳಿತರು. ಒಬ್ಬ ಪೊಲೀಸ್ ಇಲಾಖೆಯಲ್ಲಿದ್ದಾನೆ, ಒಬ್ಬ ದೇವದುರ್ಗದಲ್ಲಿ ವಕೀಲ, ಮತ್ತೊಬ್ಬನದು ಬೀಜ-ಗೊಬ್ಬರದ ಅಂಗಡಿ. ಹತ್ತಿ ಮತ್ತು ತೊಗರಿ ಸಾಲುಗಳ ನಡುವೆ ಗಾಂಜಾ ಗಿಡಗಳು ಸಿಕ್ಕ ಸುದ್ದಿ ನಮ್ಮ ರಾಯಚೂರು-ಯಾದಗಿರಿ ಸೀಮೆಯಲ್ಲಿ ಆಗಾಗ ಬರುತ್ತದೆಯಷ್ಟೆ; ಮಾತು ಅಲ್ಲಿಂದಲೇ ಆರಂಭವಾಯಿತು.

"ಇಂಥವರನ್ನ ಗಲ್ಲಿಗೆ ಹಾಕ್ಬೇಕ್ರಿ ಸರ್. ಎರಡು ಮಂದಿಗೆ ಹಾಕಿದ್ರ ಉಳಿದವರು ತಾವೇ ಬುದ್ಧಿ ಕಲಿತಾರ" ಎಂದ ಅಂಗಡಿಯವನು.

"ಸೇದೋ ಹುಡುಗನ್ನ ಜೈಲಿಗೆ ಹಾಕಿದ್ರ ಅವನು ಕಳ್ಳತನಾನೂ ಕಲಿತು ಹೊರಗ ಬರ್ತಾನ" ಎಂದ ವಕೀಲ.

ಪೊಲೀಸಿನವನು ಮಾತ್ರ ಬಹಳ ಹೊತ್ತು ಸುಮ್ಮನಿದ್ದು, "ನೀವಿಬ್ರೂ ಮಾತಾಡ್ತೀರಿ. ನಡುರಾತ್ರಿ ಅಪಘಾತ ಆದಾಗ ಹೆಣ ಎತ್ತೋರು ನಾವು" ಎಂದ. ಆಮೇಲೆ ಮೂವರೂ ನನ್ನ ಕಡೆಗೆ ತಿರುಗಿ, "ನೀವು ಹೇಳ್ರಿ ಸರ್" ಎಂದರು.

ಮೂವತ್ತಕ್ಕೂ ಹೆಚ್ಚು ವರ್ಷ ಸಮಾಜ ವಿಜ್ಞಾನ ಕಲಿಸಿದವನು ನಾನು. ಆದರೂ ಅಂದು ನನ್ನ ಬಾಯಿಯಿಂದ ಮಾತು ಹೊರಡಲಿಲ್ಲ. ಅದಕ್ಕೆ ಕಾರಣ ಆ ಚಪ್ಪರದಲ್ಲೇ ಇತ್ತು. ಅದನ್ನು ಕೊನೆಯಲ್ಲಿ ಹೇಳುತ್ತೇನೆ. ಅಂದು ಕೊಡಲಾಗದ ಉತ್ತರವನ್ನು ಈಗ ನಿಧಾನವಾಗಿ ಬರೆಯುತ್ತಿದ್ದೇನೆ.

ಮೊದಲು ಕಾನೂನಿನ ಮಾತು. ನಮ್ಮ ದೇಶದಲ್ಲಿ ಮಾದಕ ವಸ್ತುಗಳಿಗೆ ಸಂಬಂಧಿಸಿದ ಮುಖ್ಯ ಕಾಯಿದೆ 1985ರದು. ಎನ್‌ಡಿಪಿಎಸ್ ಕಾಯಿದೆ ಎಂದು ಪತ್ರಿಕೆಗಳಲ್ಲಿ ನೀವು ಓದುವುದು ಇದನ್ನೇ. ಅದಕ್ಕೂ ಹಿಂದೆ ಅಫೀಮಿನ ಕಾಯಿದೆಗಳೂ 1930ರ ಅಪಾಯಕಾರಿ ಮಾದಕ ವಸ್ತುಗಳ ಕಾಯಿದೆಯೂ ಇದ್ದವು. 1961ರ ಅಂತರರಾಷ್ಟ್ರೀಯ ಒಡಂಬಡಿಕೆಗೆ ಸಹಿ ಹಾಕಿದ ಭಾರತಕ್ಕೆ, ರೂಢಿಯಲ್ಲಿದ್ದ ಗಾಂಜಾ ಸೇವನೆಯನ್ನು ನಿಲ್ಲಿಸಲು 25 ವರ್ಷಗಳ ಅವಕಾಶ ದೊರೆತಿತ್ತು. ಆ ಅವಧಿ ಮುಗಿಯುವ ಹೊತ್ತಿಗೆ ಈ ಕಾಯಿದೆ ಬಂತು. 2001ರಲ್ಲಿ ತಿದ್ದುಪಡಿ ಮಾಡಿ ಶಿಕ್ಷೆಯನ್ನು ಸಿಕ್ಕಿದ ಮಾಲಿನ ಪ್ರಮಾಣಕ್ಕೆ ತಕ್ಕಂತೆ ವಿಂಗಡಿಸಿದರು. ಗಾಂಜಾ ಆದರೆ 1 ಕಿಲೋವರೆಗೆ ಅಲ್ಪ ಪ್ರಮಾಣ, 20 ಕಿಲೋ ದಾಟಿದರೆ ವಾಣಿಜ್ಯ ಪ್ರಮಾಣ. ಮೊದಲನೆಯದಕ್ಕೆ ಗರಿಷ್ಠ 1 ವರ್ಷ. ಎರಡನೆಯದಕ್ಕೆ ಕನಿಷ್ಠ 10 ವರ್ಷ, ಗರಿಷ್ಠ 20 ವರ್ಷ. ಗಿಡ ಬೆಳೆಸಿದರೆ 10 ವರ್ಷದವರೆಗೂ ಶಿಕ್ಷೆ ಆಗಬಹುದು. ಬದುವಿನಲ್ಲಿ ನಾಲ್ಕು ಗಿಡ ನೆಟ್ಟ ರೈತನೂ ಈ ಕಲಮಿನ ಅಡಿಯಲ್ಲೇ ಬರುತ್ತಾನೆ.

ಗಲ್ಲಿನ ಮಾತನ್ನಾಡಿದ ಶಿಷ್ಯನಿಗೆ ತಿಳಿದಿರಲಿಕ್ಕಿಲ್ಲ, ಆ ಪ್ರಯೋಗವನ್ನೂ ನಮ್ಮ ದೇಶ ಮಾಡಿದೆ. 1989ರ ತಿದ್ದುಪಡಿಯಲ್ಲಿ, ದೊಡ್ಡ ಪ್ರಮಾಣದ ಅಪರಾಧವನ್ನು ಎರಡನೆಯ ಬಾರಿ ಮಾಡಿದವನಿಗೆ ಮರಣದಂಡನೆಯನ್ನೇ ಕಡ್ಡಾಯಗೊಳಿಸಿದ್ದರು. ನ್ಯಾಯಾಧೀಶರಿಗೆ ಬೇರೆ ದಾರಿಯೇ ಇರಲಿಲ್ಲ. 2011ರಲ್ಲಿ ಬಾಂಬೆ ಹೈಕೋರ್ಟ್ ಆ ಕಡ್ಡಾಯ ಸಂವಿಧಾನಕ್ಕೆ ಒಪ್ಪುವುದಲ್ಲವೆಂದಿತು. 2014ರ ತಿದ್ದುಪಡಿಯಲ್ಲಿ ಅದು ನ್ಯಾಯಾಧೀಶರ ವಿವೇಚನೆಗೆ ಬಂತು. ಇಷ್ಟೆಲ್ಲ ಕಠಿಣ ಕಲಮು ಪುಸ್ತಕದಲ್ಲಿದ್ದ ಆ ವರ್ಷಗಳಲ್ಲಿಯೂ ಗಾಂಜಾ ಬೆಳೆಯುವುದು ನಿಲ್ಲಲಿಲ್ಲ, ಮಾರುವುದೂ ನಿಲ್ಲಲಿಲ್ಲ.

ಇನ್ನು ರೂಢಿಯ ಮಾತು. ದೇವದುರ್ಗದಿಂದ ಕೃಷ್ಣೆಯನ್ನು ದಾಟಿದರೆ ಯಾದಗಿರಿ ಜಿಲ್ಲೆಯ ತಿಂಥಣಿ. ಹಿಂದೂ ಮುಸಲ್ಮಾನರಿಬ್ಬರೂ ನಡೆದುಕೊಳ್ಳುವ ಮೌನೇಶ್ವರರ ಕ್ಷೇತ್ರ. 2020ರ ಸೆಪ್ಟೆಂಬರಿನಲ್ಲಿ ಕನ್ನಡ ಚಿತ್ರರಂಗದ ಮಾದಕ ವಸ್ತು ಪ್ರಕರಣ ಮನೆಮನೆಯ ಮಾತಾಗಿದ್ದಾಗಲೇ, ತಿಂಥಣಿಯಲ್ಲಿ ಗಾಂಜಾವನ್ನು ಪ್ರಸಾದವೆಂದು ಸ್ವೀಕರಿಸುವ ರೂಢಿಯ ಬಗ್ಗೆಯೂ ಪತ್ರಿಕೆಗಳಲ್ಲಿ ವರದಿ ಬಂತು. ಆರೂಢ, ಅವಧೂತ ಪರಂಪರೆಯ ಸಾಧುಗಳು ಅದನ್ನು ಧ್ಯಾನಕ್ಕೆ ಸಹಾಯಕವೆಂದು ನಂಬಿದವರು. ನಮ್ಮ ಬಾಲ್ಯದಲ್ಲಿ ಜಾತ್ರೆಗೆ ಬರುವ ಸಾಧುವಿನ ಚಿಲುಮೆಯನ್ನು ಯಾರೂ ಅಪರಾಧವೆಂದು ನೋಡುತ್ತಿರಲಿಲ್ಲ. ಆದರೆ ಅದನ್ನು ಮನೆಯ ಹುಡುಗರ ಕೈಗೂ ಯಾರೂ ಕೊಡುತ್ತಿರಲಿಲ್ಲ. ಕಾನೂನಿಗಿಂತ ಮೊದಲು ಊರಿನ ಕಣ್ಣು ಎಂಬುದೊಂದಿತ್ತು.

ಬ್ರಿಟಿಷ್ ಸರಕಾರ 1893ರಲ್ಲಿ ಇದನ್ನೇ ವಿಚಾರಿಸಲು ಒಂದು ಆಯೋಗ ನೇಮಿಸಿತ್ತು. ಊರೂರು ತಿರುಗಿ ಸಾವಿರಕ್ಕೂ ಹೆಚ್ಚು ಸಾಕ್ಷಿಗಳನ್ನು ಕೇಳಿ, ಮರುವರ್ಷ ಆ ಆಯೋಗವು ಪೂರ್ಣ ನಿಷೇಧ ಬೇಡ, ತೆರಿಗೆ ಮತ್ತು ನಿಯಂತ್ರಣ ಸಾಕು ಎಂಬ ನಿಲುವು ತಾಳಿತು. 2020ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಾದಕ ವಸ್ತು ಆಯೋಗವು ಗಾಂಜಾವನ್ನು ಅತ್ಯಂತ ಅಪಾಯಕಾರಿ ವಸ್ತುಗಳ ಪಟ್ಟಿಯಿಂದ 27-25 ಮತಗಳಲ್ಲಿ ಕೈಬಿಟ್ಟಾಗ ಭಾರತವೂ ಅದರ ಪರವಾಗಿ ಮತ ಹಾಕಿತು. ಹೀಗೆಂದ ಮಾತ್ರಕ್ಕೆ ಅದು ನಿರಪಾಯಕಾರಿ ಎಂದಲ್ಲ. ನಮ್ಮ ಕಾಯಿದೆಯೂ ಬದಲಾಗಿಲ್ಲ. ಹದಿನೈದು-ಹದಿನಾರರ ಹುಡುಗರ ಬುದ್ಧಿಯನ್ನು ಅದು ಮಂಕು ಮಾಡುವುದನ್ನು ಶಿಕ್ಷಕನಾಗಿ ನಾನೇ ಕಂಡಿದ್ದೇನೆ. ಈ ವಿಷಯದಲ್ಲಿ ಪ್ರಾಜ್ಞರು ನೂರಾರು ವರ್ಷಗಳಿಂದ ಒಮ್ಮತಕ್ಕೆ ಬಂದಿಲ್ಲ ಎಂಬುದಷ್ಟೆ ನನ್ನ ಮಾತಿನ ತಾತ್ಪರ್ಯ.

ಇನ್ನು ನನ್ನ ಅರ್ಜಿಯ ಕಥೆ. ನಮ್ಮ ಭಾಗಕ್ಕೆ ಗಾಂಜಾಕ್ಕಿಂತ ದೊಡ್ಡ ಶಾಪ ಕಲಬೆರಕೆ ಸೇಂದಿ. ಈಚಲು ಮರದಿಂದ ಇಳಿಸಿದ ನಿಜವಾದ ಸೇಂದಿ ಬೇರೆ. ನಿಜಾಮರ ಕಾಲದಿಂದಲೂ ಅಬಕಾರಿ ಗುತ್ತಿಗೆಯಲ್ಲಿ ನಡೆದುಬಂದದ್ದು ಅದು. ಮರಗಳು ಕಡಿಮೆಯಾಗಿ ಕುಡಿಯುವವರು ಹೆಚ್ಚಿದಾಗ ನೀರು, ಸ್ಯಾಕರಿನ್ ಮತ್ತು ಸಿಎಚ್ ಪೌಡರ್ ಸೇರಿಸಿ 'ಸೇಂದಿ'ಯನ್ನು ತಯಾರಿಸತೊಡಗಿದರು. ಸಿಎಚ್ ಎಂದರೆ ಕ್ಲೋರಲ್ ಹೈಡ್ರೇಟ್. 1869ರಿಂದ ವೈದ್ಯರು ನಿದ್ರೆಯ ಔಷಧವಾಗಿ ಬಳಸುತ್ತಿದ್ದ ರಾಸಾಯನಿಕ ಅದು. ಕೆಲವೆಡೆ ಡಯಾಜೆಪಾಮ್, ಅಲ್‌ಪ್ರಜೋಲಾಮ್ ಎಂಬ ನಿದ್ರೆಮಾತ್ರೆಗಳ ಪುಡಿಯನ್ನೂ ಬೆರೆಸುತ್ತಾರೆ. ಕೂಲಿಯ ಹಣದಲ್ಲಿ ಕೆಲವೇ ರೂಪಾಯಿಗೆ ಮೈನೋವು ಮರೆಸುವ ವಸ್ತು ಬೇರೆ ಯಾವುದಿದೆ? ಹೆಂಗಸರೂ ಕುಡಿಯುತ್ತಿದ್ದರು, ಅಳುವ ಕೂಸಿಗೆ ಒಂದು ಗುಟುಕು ಹಾಕಿ ಮಲಗಿಸಿದ್ದನ್ನೂ ನಾನು ಕೇಳಿದ್ದೇನೆ.

2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಒಳ್ಳೆಯ ಕೆಲಸವೆಂದು ನಾವೆಲ್ಲ ಸಂತೋಷಪಟ್ಟೆವು. ಆಗ ನಾನು ಅರಕೇರಾಕ್ಕೆ ಸಮೀಪದ ಒಂದು ಊರಿನ ಪ್ರೌಢಶಾಲೆಯಲ್ಲಿದ್ದೆ. ಆ ಊರಿನಲ್ಲಿ ಸಾರಾಯಿ ಅಂಗಡಿ ಮುಚ್ಚಿತು, ಕುಡಿಯುವವರು ಗುಟ್ಟಾಗಿ ಮಾರುವ ಪುಡಿ ಸೇಂದಿಗೆ ತಿರುಗಿದರು. ಮರುವರ್ಷ ಒಂದು ರಾತ್ರಿ, ಕುಡಿದು ರಸ್ತೆಯ ಮೇಲೆ ಮಲಗಿದ್ದ ಒಬ್ಬನ ಮೇಲೆ ಟ್ರ್ಯಾಕ್ಟರು ಹರಿಯಿತು. ಮೂರನೆಯ ದಿನ ಹತ್ತಾರು ಹೆಣ್ಣುಮಕ್ಕಳು ಶಾಲೆಗೆ ಬಂದರು. "ಸಂಜಿ ಆದ ಮ್ಯಾಲ ನೀರಿಗೆ ಹೋಗೂ ಹಂಗಿಲ್ರಿ ಸರ. ನಮಗ ಬರಿಯಾಕ ಬರಂಗಿಲ್ಲ, ನೀವೊಂದು ಅರ್ಜಿ ಬರದು ಕೊಡ್ರಿ" ಎಂದರು. ನಾನು ಬರೆದೆ. ಮಾರುವವನ ಹೆಸರು, ಮನೆಯ ಗುರುತು, ಮಾರುವ ವೇಳೆ ಎಲ್ಲವನ್ನೂ ಸ್ಪಷ್ಟವಾಗಿ ಬರೆದೆ. ಹೆಣ್ಣುಮಕ್ಕಳು ಹೆಬ್ಬೆಟ್ಟು ಒತ್ತಿದರು. ಕೊನೆಯಲ್ಲಿ ನಾನು ಸಹಿ ಮಾಡಿದೆ. ಅದು ನನ್ನ ಜೀವನದ ಒಳ್ಳೆಯ ಕೆಲಸಗಳಲ್ಲಿ ಒಂದು ಎಂದು ಅಂದು ಭಾವಿಸಿದ್ದೆ.

ಎಂಟು ದಿನಗಳಲ್ಲಿ ದಾಳಿಯಾಯಿತು. ಮಾರುವವನನ್ನು ಹಿಡಿದುಕೊಂಡು ಹೋದರು. ಅವನು ಅಸಲಿಗೆ ಕೂಲಿ ಮಾಡುತ್ತಿದ್ದವನು. ಹೊರಗಿನಿಂದ ಒಬ್ಬ ಪುಡಿ ತಂದುಕೊಡುತ್ತಿದ್ದ, ಇವನು ಬೆರೆಸಿ ಮಾರಿ ಕಮಿಷನ್ ಪಡೆಯುತ್ತಿದ್ದ. ಪುಡಿ ತರುತ್ತಿದ್ದವನ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಅರ್ಜಿಯಲ್ಲಿಯೂ ಇರಲಿಲ್ಲ.

ಅಂಗಡಿ ಮುಚ್ಚಿದ ಮೂರನೆಯ ದಿನ ನಾನೆಂದೂ ಊಹಿಸದ ಒಂದು ಸಂಗತಿ ನಡೆಯಿತು. ದಿನವೂ ಕುಡಿಯುತ್ತಿದ್ದ ಒಬ್ಬ ಹಮಾಲನ ಕೈಕಾಲು ನಡುಗತೊಡಗಿದವು. ಗೋಡೆಯ ತುಂಬ ಇರುವೆ ಹರಿಯುತ್ತಿವೆ ಎಂದು ಬರಿಗೈಯಿಂದ ಗೋಡೆ ಒರೆಸುತ್ತಿದ್ದ. ರಾತ್ರಿ ಫಿಟ್ಸ್ ಬಂತು. ಊರವರು ದೆವ್ವ ಮೆಟ್ಟಿಕೊಂಡಿದೆ ಎಂದರು. ಟಂಟಂ ಗಾಡಿಯಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಒಯ್ದೆವು. ಅಲ್ಲಿನ ವೈದ್ಯರು ನನಗೆ ಹೇಳಿದ ಮಾತು ಇಂದಿಗೂ ಕಿವಿಯಲ್ಲಿದೆ: "ಮಾಸ್ತರರೇ, ಈ ಪುಡಿಯನ್ನು ಒಮ್ಮೆಲೇ ಬಿಡಿಸಿದರೆ ಜೀವಕ್ಕೇ ಅಪಾಯ. ಔಷಧ ಕೊಟ್ಟು ಮೆಲ್ಲಗೆ ಇಳಿಸಬೇಕು. ಅಂಗಡಿ ಮುಚ್ಚಿಸುವ ಮೊದಲು ನಮಗೊಂದು ಮಾತು ತಿಳಿಸಬಾರದಿತ್ತೇ?" ಹಮಾಲ ಬದುಕಿದ. ಮನೆಗೆ ಮರಳಿದ ವಾರದಲ್ಲಿಯೇ ಮತ್ತೆ ಕುಡಿದ. ಅಷ್ಟರಲ್ಲಿ ಇನ್ನೊಂದು ಓಣಿಯಲ್ಲಿ ಇನ್ನೊಬ್ಬ ಬಡವ ಮಾರಲು ಕುಳಿತಿದ್ದ.

ಇದೇ ಸಂಗತಿ 2015ರಲ್ಲಿ ನೆರೆಯ ತೆಲಂಗಾಣದಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆಯಿತು. ಕಲಬೆರಕೆ ಸೇಂದಿಯ ಮೇಲೆ ಸರಕಾರ ಬಿಗಿ ಕ್ರಮ ಕೈಗೊಂಡಾಗ ನಿಜಾಮಾಬಾದ್, ಮೆಹಬೂಬನಗರ ಮೊದಲಾದ ಜಿಲ್ಲೆಗಳಲ್ಲಿ ಜನ ನಡುಕ, ಭ್ರಮೆ, ಫಿಟ್ಸ್‌ಗಳಿಂದ ಆಸ್ಪತ್ರೆಗಳನ್ನು ತುಂಬಿದರು. ಹಾಗೆಂದು ಬಿಟ್ಟುಬಿಡಲೂ ಆಗದು: 2025ರ ಜುಲೈನಲ್ಲಿ ಹೈದರಾಬಾದಿನ ಕೂಕಟ್‌ಪಲ್ಲಿಯಲ್ಲಿ ಕಲಬೆರಕೆ ಸೇಂದಿ ಕುಡಿದು ಹಲವರು ಸತ್ತರು. ಬಾಗಿಲು ಮುಚ್ಚಿದರೆ ಒಂದು ಸಂಕಟ, ತೆರೆದಿಟ್ಟರೆ ಇನ್ನೊಂದು.

ಇಷ್ಟೇ ಆಗಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಸೆರೆಯಾದವನ ಮಗ ನನ್ನ ಒಂಬತ್ತನೆಯ ತರಗತಿಯ ವಿದ್ಯಾರ್ಥಿ. ಲೆಕ್ಕದಲ್ಲಿ ತರಗತಿಗೇ ಮೊದಲಿಗ. ನಕಾಶೆ ಬರೆಯುವುದರಲ್ಲಿ ಅವನ ಕೈ ನನ್ನದಕ್ಕಿಂತ ಚೆನ್ನಾಗಿತ್ತು. ಕೃಷ್ಣಾ ತುಂಗಭದ್ರೆಗಳ ಹರಿವನ್ನು ಕಪ್ಪುಹಲಗೆಯ ಮೇಲೆ ನೋಡದೆಯೇ ಬರೆಯುತ್ತಿದ್ದ. ತಂದೆ ಸೆರೆಯಾದ ಮರುದಿನದಿಂದ ಅವನು ಶಾಲೆಗೆ ಬರಲಿಲ್ಲ. ನಾನು ಹಾಜರಿ ಪುಸ್ತಕದಲ್ಲಿ ದಿನವೂ ಗೈರುಹಾಜರಿ ಗುರುತು ಹಾಕುತ್ತ ಹೋದೆ. ಅವನ ಮನೆ ಶಾಲೆಯಿಂದ ಐದು ನಿಮಿಷದ ದಾರಿ. ಬೇರೆ ಮಕ್ಕಳು ಎರಡು ದಿನ ಬಾರದಿದ್ದರೆ ಸೈಕಲ್ ಹತ್ತಿ ಮನೆಗೆ ಹೋಗುತ್ತಿದ್ದ ನಾನು, ಅವನ ಮನೆಗೆ ಹೋಗಲಿಲ್ಲ. ಏನೆಂದು ಮುಖ ತೋರಿಸಲಿ ಎಂಬ ಸಂಕೋಚವೋ, ಮಾಡಿದ್ದು ಸರಿಯೇ ಎಂಬ ಹಮ್ಮೋ, ಇಂದಿಗೂ ನನಗೆ ಬಿಡಿಸಲಾಗದು. ತಿಂಗಳು ತುಂಬುವುದರೊಳಗೆ ತಾಯಿ ಮಗ ಬೆಂಗಳೂರಿಗೆ ಗುಳೆ ಹೋದರೆಂದು ತಿಳಿಯಿತು. ಕಟ್ಟಡ ಕೆಲಸಕ್ಕೆ. ತಂದೆ ಜಾಮೀನಿನ ಮೇಲೆ ಹೊರಬಂದಾಗ ಮನೆಗೆ ಬೀಗ ಬಿದ್ದಿತ್ತು.

ಲೆಕ್ಕ ಹಾಕಿ ನೋಡಿ. ತಪ್ಪು ಮಾಡಿದವನಿಗೆ ಕೆಲವು ತಿಂಗಳ ಸೆರೆ. ತಪ್ಪೇ ಮಾಡದ ಹುಡುಗನಿಗೆ ಜೀವಮಾನದ ಶಿಕ್ಷೆ. ಪುಡಿ ತಂದವನಿಗೆ ಏನೂ ಇಲ್ಲ. ಊರಿಗೆ ಒಂದೇ ವಾರದ ಶಾಂತಿ.

ಇಲ್ಲಿ ನನ್ನ ವೃತ್ತಿಯಿಂದ ಕಲಿತ ಒಂದು ಪಾಠವನ್ನು ಹೇಳಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ ನನ್ನ ಮೇಜಿನ ಮೇಲೆ ಬೆತ್ತ ಇರುತ್ತಿತ್ತು, ನಿಮಗೆಲ್ಲ ನೆನಪಿದೆ. ತಿಂಗಳಿಗೊಮ್ಮೆ ಪುಸ್ತಕ ನೋಡಿ, ಬರೆಯದವರಿಗೆ ಬಾಸುಂಡೆ ಬರುವಂತೆ ಹೊಡೆಯುತ್ತಿದ್ದೆ. ಉಳಿದ ಇಪ್ಪತ್ತೊಂಬತ್ತು ದಿನ ಯಾರೂ ಬರೆಯುತ್ತಿರಲಿಲ್ಲ. ನಂತರ ಬೆತ್ತವನ್ನು ಬದಿಗಿಟ್ಟು ದಿನವೂ ತಪ್ಪದೆ ಪ್ರತಿಯೊಬ್ಬರ ಪುಸ್ತಕ ನೋಡತೊಡಗಿದೆ. ಬರೆಯದವನು ಸಂಜೆ ಅರ್ಧ ಗಂಟೆ ಕುಳಿತು ಬರೆದು ಹೋಗಬೇಕು, ಅಷ್ಟೇ. ಮೂರು ವಾರಗಳಲ್ಲಿ ಎಲ್ಲರೂ ಬರೆಯತೊಡಗಿದರು. ಇಟಲಿಯ ಬೆಕ್ಕಾರಿಯಾ ಎಂಬ ವಿದ್ವಾಂಸ 1764ರಲ್ಲಿಯೇ ಇದನ್ನು ಶಾಸ್ತ್ರವಾಗಿ ಬರೆದಿದ್ದನೆಂಬುದು ನನಗೆ ಆಮೇಲೆ ತಿಳಿಯಿತು. ಶಿಕ್ಷೆ ಎಷ್ಟು ಕ್ರೂರ ಎಂಬುದಕ್ಕಿಂತ ಎಷ್ಟು ಖಚಿತ ಎಂಬುದೇ ಅಪರಾಧವನ್ನು ತಡೆಯುತ್ತದೆ ಎಂಬುದು ಅವನ ವಾದ. ನೂರು ಮಂದಿಯಲ್ಲಿ ಒಬ್ಬನನ್ನು ಗಲ್ಲಿಗೇರಿಸುವ ಕಾನೂನಿಗೆ ಯಾರೂ ಹೆದರುವುದಿಲ್ಲ. ಆ ಒಬ್ಬ ತಾನಲ್ಲವೆಂದು ಪ್ರತಿಯೊಬ್ಬನೂ ನಂಬಿರುತ್ತಾನೆ. ನೂರರಲ್ಲಿ ತೊಂಬತ್ತು ಮಂದಿ ಸಿಕ್ಕಿಬೀಳುವಂತಿದ್ದರೆ ಸಣ್ಣ ಶಿಕ್ಷೆಗೂ ಹೆದರುತ್ತಾರೆ.

ಪೊಲೀಸ್ ಶಿಷ್ಯನ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ರಸ್ತೆಯಲ್ಲಿ ಬಿದ್ದ ಹೆಣ, ಕುಡಿದವನ ಕೈಯಲ್ಲಿ ಏಟು ತಿಂದ ಹೆಂಡತಿ, ಸಂಜೆ ನೀರಿಗೆ ಹೋಗಲು ಅಂಜುವ ಹುಡುಗಿ, ಇವರ ನೋವನ್ನು ಪಕ್ಕಕ್ಕಿಟ್ಟು ದಯೆಯ ಮಾತಾಡುವುದು ಸುಲಭ. ನಮ್ಮ ರಾಯಚೂರಿನ ಹೆಣ್ಣುಮಕ್ಕಳು ಸಾಮಾನ್ಯರಲ್ಲ. ಮದ್ಯ ನಿಷೇಧಕ್ಕಾಗಿ ಅವರು ರಾಯಚೂರಿನಲ್ಲಿ ದಿನಗಟ್ಟಲೆ ಧರಣಿ ಕುಳಿತರು. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದ ಪಾದಯಾತ್ರೆಯಲ್ಲಿ, ಎರಡು ನೂರು ಕಿಲೋಮೀಟರು ದಾರಿ ಸವೆಸಿದವರಲ್ಲಿ ಅವರೂ ಇದ್ದರು. ದಾರಿಯಲ್ಲಿ ಅಪಘಾತವಾಗಿ ಒಬ್ಬ ಹೆಣ್ಣುಮಗಳು ಪ್ರಾಣವನ್ನೇ ಕಳೆದುಕೊಂಡಳು. ಸಂವಿಧಾನದ 47ನೆಯ ವಿಧಿಯನ್ನು ನಾನು ತರಗತಿಯಲ್ಲಿ ಬಾಯಿಪಾಠ ಮಾಡಿಸಿದೆ. ಅವರು ಅದನ್ನು ಕಾಲಿನಿಂದ ನಡೆದು ಕೇಳಿದರು. ಆದ್ದರಿಂದ ಕಾನೂನು ಬೇಡವೆಂದು ನಾನು ಎಂದಿಗೂ ಹೇಳಲಾರೆ. ಆ ಅರ್ಜಿಯನ್ನು ಬರೆದದ್ದೂ ತಪ್ಪೆಂದು ಹೇಳಲಾರೆ.

ನನ್ನ ತಪ್ಪು ಬೇರೆ. ಅರ್ಜಿ ಕೊಟ್ಟ ಮೇಲೆ ಕೆಲಸ ಮುಗಿಯಿತೆಂದು ತಿಳಿದದ್ದು. ಮೂರು ಬಗೆಯ ಜನರನ್ನು ಒಂದೇ ಕಣ್ಣಿನಿಂದ ನೋಡಿದ್ದು. ಪುಡಿ ತಂದು ಹಣ ಮಾಡುವವನು ಒಬ್ಬ. ಹೊಟ್ಟೆಪಾಡಿಗೆ ಮಾರುವವನು ಒಬ್ಬ. ಬಿಡಲಾಗದೆ ಕುಡಿಯುವವನು ಮತ್ತೊಬ್ಬ. ಮೊದಲನೆಯವನಿಗೆ ಕಾನೂನಿನ ಪೂರ್ಣ ಭಾರ ಬೀಳಲಿ, ತಡವಿಲ್ಲದೆ ಬೀಳಲಿ. ಎರಡನೆಯವನಿಗೆ ಶಿಕ್ಷೆ ಆಗಲಿ, ಆದರೆ ಅವನ ಮಕ್ಕಳ ಶಾಲೆ ನಿಲ್ಲದಂತೆ ಊರು ನೋಡಿಕೊಳ್ಳಲಿ. ಮೂರನೆಯವನಿಗೆ ಬೇಕಾದದ್ದು ವೈದ್ಯ. ಇದು ನನ್ನ ಕಲ್ಪನೆಯಲ್ಲ. ಅಷ್ಟು ಕಠಿಣವಾದ 1985ರ ಕಾಯಿದೆಯಲ್ಲಿಯೇ 39 ಮತ್ತು 64ಎ ಎಂಬ ಕಲಮುಗಳಿವೆ. ತಾನೇ ಮುಂದೆ ಬಂದು ಚಿಕಿತ್ಸೆ ಪಡೆಯುವ ವ್ಯಸನಿಗೆ, ಅಲ್ಪ ಪ್ರಮಾಣದ ಅಥವಾ ಸೇವನೆಯ ಪ್ರಕರಣಗಳಲ್ಲಿ, ಮೊಕದ್ದಮೆಯಿಂದ ರಕ್ಷಣೆ ಕೊಡುವ ಕಲಮು ಅದು. ವಕೀಲ ಶಿಷ್ಯನಿಗೆ ನನ್ನದೊಂದು ಕೋರಿಕೆ: ವರ್ಷಕ್ಕೆ ಒಂದೆರಡು ಊರುಗಳಿಗಾದರೂ ಹೋಗಿ ಇದನ್ನು ಕನ್ನಡದಲ್ಲಿ ತಿಳಿಸಿ ಹೇಳು. ವ್ಯಸನ ಬಿಡಿಸಲು 14446, ಮಾನಸಿಕ ಆರೋಗ್ಯಕ್ಕೆ 14416 ಎಂಬ ಉಚಿತ ಸಹಾಯವಾಣಿಗಳಿವೆ, ಎಲ್ಲರೂ ಬರೆದಿಟ್ಟುಕೊಳ್ಳಿ. ಪುಡಿ ಸೇಂದಿಯನ್ನು ಬಹುಕಾಲ ಕುಡಿದವರನ್ನು ಮಾತ್ರ ಮನೆಯಲ್ಲಿ ಕೂಡಿಹಾಕಿ ಬಿಡಿಸಲು ಹೋಗಬೇಡಿ, ಆಸ್ಪತ್ರೆಗೇ ಕರೆದೊಯ್ಯಿರಿ.

ಈಗ ಚಪ್ಪರದ ಮಾತು. ಮದುವೆಯ ಪಂಕ್ತಿಯಲ್ಲಿ ನನ್ನ ಎಲೆಗೆ ಅನ್ನ ಬಡಿಸಲು ಬಂದವನು ಬಗ್ಗಿ ನನ್ನ ಮುಖ ನೋಡಿ, "ಇನ್ನಷ್ಟು ಹಾಕ್ಲೇನ್ರಿ ಸರ್?" ಎಂದ. ಧ್ವನಿ ಕೇಳಿದೊಡನೆ ಗುರುತು ಹತ್ತಿತು. ಅದೇ ಹುಡುಗ. ಈಗ ಮೂವತ್ತು ದಾಟಿದ ಗಂಡಸು. ಅಡುಗೆಯವರ ಸಂಗಡ ಕೆಲಸ ಮಾಡುತ್ತಾನಂತೆ. ಅಪ್ಪ ಹೇಗಿದ್ದಾರೆ ಎಂದು ಕೇಳಿದೆ. "ತೀರಿಕೊಂಡು ಹತ್ತು ವರ್ಷಾತ್ರಿ" ಎಂದ. ಮಗಳು ಈ ವರ್ಷ ಒಂದನೆಯ ತರಗತಿಗೆ ಸೇರಿದ್ದಾಳೆಂದು ಹೇಳುವಾಗ ಅವನ ಮುಖ ಅರಳಿತು. ಮುಂದಿನ ಎಲೆಗೆ ಹೋಗಬೇಕಾಗಿತ್ತು, ಹೋದ. ಅರ್ಜಿಯ ಕೊನೆಯಲ್ಲಿದ್ದ ಸಹಿ ನನ್ನದೆಂದು ಅವನಿಗೆ ಗೊತ್ತಿದೆಯೋ ಇಲ್ಲವೋ ನಾನರಿಯೆ. ಅದಾದ ಅರ್ಧ ಗಂಟೆಗೆ ನೀವು ಮೂವರೂ ನನ್ನನ್ನು ಕೇಳಿದ್ದು, ಶಿಕ್ಷೆ ಹೇಗಿರಬೇಕೆಂದು.

ಆ ಹುಡುಗನ ಓದನ್ನು ನಾನು ಮರಳಿ ಕೊಡಲಾರೆ. ಅವನಿರುವ ಊರನ್ನು ವಿಚಾರಿಸಿ ತಿಳಿದುಕೊಂಡಿದ್ದೇನೆ. ಬರುವ ಸೋಮವಾರ ಅವನ ಮನೆಗೆ ಹೋಗುವವನಿದ್ದೇನೆ. ಹದಿನೇಳು-ಹದಿನೆಂಟು ವರ್ಷಗಳ ಹಿಂದೆಯೇ, ಐದು ನಿಮಿಷದ ದಾರಿಯಾಗಿದ್ದಾಗ, ಹೋಗಬೇಕಾಗಿತ್ತು. ಮಗುವಿಗೆ ಒಂದು ನಕಾಶೆ ಪುಸ್ತಕ ಕೊಂಡಿಟ್ಟಿದ್ದೇನೆ. ಅರ್ಜಿಯ ವಿಷಯವನ್ನು ಅವನ ತಂದೆಗೆ ಹೇಳಲಾಗಲಿಲ್ಲ; ಮಗನಿಗಾದರೂ ನನ್ನ ಬಾಯಿಂದಲೇ ಹೇಳಬೇಕು. ಅವನು ಏನೆನ್ನುತ್ತಾನೋ ತಿಳಿಯದು.